ಮೂಗಿನ ನಡುಗೋಡೆಯ ಫ್ಲಾಪ್: ತೇದಿ, ಹೆಸರು, ಲೆಕ್ಕ

1. ವ್ಯಾಪ್ತಿ

ತಲೆಬುರುಡೆಯ ತಳದ ಗಡ್ಡೆಗಳನ್ನು ಎಂಡೋಸ್ಕೋಪ್ ನೆರವಿನಿಂದ ಮೂಗಿನ ಒಳಮಾರ್ಗದಲ್ಲೇ ತೆಗೆಯುವ ಶಸ್ತ್ರಕ್ರಿಯೆಯಲ್ಲಿ ಗಡ್ಡೆ ಹೋದ ಮೇಲೆ ಮೂಳೆಯಲ್ಲೂ ಡ್ಯೂರಾ ಪೊರೆಯಲ್ಲೂ ಒಂದು ತೆರಪು ಉಳಿಯುತ್ತದೆ. ಅದನ್ನು ಮುಚ್ಚಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ಅದರ ಅಪಧಮನಿಯ ಸಮೇತ ಎಬ್ಬಿಸಿ ಹಿಂದಕ್ಕೆ ತಿರುಗಿಸುವ ವಿಧಾನ. ಈ ವಿಧಾನದ ಉಲ್ಲೇಖಗಳು ಸಾಮಾನ್ಯವಾಗಿ 2006ರ ಒಂದು ಲೇಖನಕ್ಕೆ ಹೋಗಿ ನಿಲ್ಲುತ್ತವೆ.

ಈ ಟಿಪ್ಪಣಿಯಲ್ಲಿ ಪರಿಶೀಲಿಸಿರುವುದು ಮೂರು ಅಂಶಗಳನ್ನು ಮಾತ್ರ. ಆ ಲೇಖನ 'ಹೊಸದು' ಎಂದು ಹೇಳಿಕೊಂಡದ್ದರ ಮಿತಿ ಎಷ್ಟು. ಹೀಗೆ ಎಬ್ಬಿಸಿದ ಪೊರೆಗೂ, ಅಂದರೆ ಫ್ಲಾಪಿಗೂ, ಅದರ ಅಪಧಮನಿಗೂ ಚಾಲ್ತಿಯಲ್ಲಿರುವ ಹೆಸರುಗಳಲ್ಲಿ ಏನು ವ್ಯತ್ಯಾಸವಿದೆ. ಮಿದುಳಿನ ಸುತ್ತಲಿನ ದ್ರವದ ಸೋರಿಕೆಯ ಬಗ್ಗೆ ಪದೇ ಪದೇ ಉದ್ಧರಿಸಲಾಗುವ ಶೇಕಡಾವಾರು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಎಷ್ಟರ ಮಟ್ಟಿಗೆ ಓದಬಹುದು. ಶಸ್ತ್ರಕ್ರಿಯೆಯ ಕ್ರಮವನ್ನು ಈ ಪ್ರಶ್ನೆಗಳಿಗೆ ಬೇಕಾದಷ್ಟೇ ವಿವರಿಸಲಾಗಿದೆ.

2. ಪದಗಳ ಬಗ್ಗೆ

ಕನ್ನಡದ ವೈದ್ಯಕೀಯ ಬರಹಗಳಲ್ಲಿ 'ಕಸಿ' ಎಂಬ ಒಂದೇ ಪದ ಮೂತ್ರಪಿಂಡಕ್ಕೂ ಚರ್ಮಕ್ಕೂ ಮೂಳೆಮಜ್ಜೆಗೂ ಸಲ್ಲುತ್ತಿದೆ. ಪ್ರಸ್ತುತ ವಿಷಯದಲ್ಲಿ ಈ ಸಡಿಲತೆ ತೊಡಕಾಗುತ್ತದೆ. ಗ್ರಾಫ್ಟ್ ಎಂದರೆ ಮೂಲಸ್ಥಳದಿಂದ ಪೂರ್ತಿ ಕತ್ತರಿಸಿ ತಂದ ಅಂಗಾಂಶ: ತೊಡೆಯ ಫ್ಯಾಸಿಯಾ, ಹೊಟ್ಟೆಯ ಕೊಬ್ಬು, ಟರ್ಬಿನೇಟ್ ಮೇಲಿನ ಲೋಳೆಪೊರೆ. ಅದು ಬದುಕುವುದು ಹೊಸ ಜಾಗದ ಅಂಚುಗಳಿಂದ ರಕ್ತನಾಳಗಳು ಒಳಹೊಕ್ಕ ಮೇಲೆ. ಫ್ಲಾಪ್ ತನ್ನ ಅಪಧಮನಿ ಮತ್ತು ಅಭಿಧಮನಿಗಳ ಮೂಲಕ ಮೂಲಸ್ಥಳಕ್ಕೆ ಅಂಟಿಕೊಂಡೇ ಇರುತ್ತದೆ. ಹೊಸ ಜಾಗಕ್ಕೆ ಬರುವಾಗಲೂ ಅದರ ರಕ್ತಸಂಚಾರ ನಿಂತಿರುವುದಿಲ್ಲ. ಹೀಗೆ ಅಂಟಿಕೊಂಡಿರುವ ಭಾಗಕ್ಕೆ ಈ ಟಿಪ್ಪಣಿಯಲ್ಲಿ 'ತೊಟ್ಟು' ಎಂಬ ಪದ ಬಳಸಲಾಗಿದೆ. ಕಾಯಿಗೆ ತೊಟ್ಟು ಮಾಡುವ ಕೆಲಸವನ್ನೇ ಫ್ಲಾಪಿಗೆ ಅದು ಮಾಡುತ್ತದೆ.

ತೋಟಗಾರಿಕೆಯಲ್ಲಿ ಈ ಭೇದ ಆಗಲೇ ಇದೆ. ಕೊಂಬೆಯನ್ನು ತಾಯಿಗಿಡದಿಂದ ಕತ್ತರಿಸದೆಯೇ ಪಕ್ಕದ ಸಸಿಗೆ ಬಿಗಿದು ಕಟ್ಟಿ, ಎರಡೂ ಕೂಡಿಕೊಂಡ ಮೇಲಷ್ಟೇ ತಾಯಿಯಿಂದ ಬಿಡಿಸುವುದು ಸಾಮೀಪ್ಯ ಕಸಿ. ತೊಟ್ಟುಳ್ಳ ಫ್ಲಾಪಿಗೆ ಕನ್ನಡದಲ್ಲಿ ಸಮೀಪವಾದ ಹೋಲಿಕೆ ಇದೇ ಇರಬಹುದು. ಆದರೆ 5 ಮತ್ತು 7ನೇ ವಿಭಾಗಗಳಲ್ಲಿ ಕಾಣುವಂತೆ ಕೊನೆಯ ಹಂತ, ಅಂದರೆ ಬಿಡಿಸುವಿಕೆ, ಎಲ್ಲ ಫ್ಲಾಪುಗಳಿಗೂ ಅನ್ವಯಿಸುವುದಿಲ್ಲ.

3. ತೆರಪಿನ ಸ್ವರೂಪ

ವಯಸ್ಕರಲ್ಲಿ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವ ಯಾವುದೇ ಹೊತ್ತಿನಲ್ಲಿ ಸುಮಾರು 150 ಮಿಲಿಲೀಟರ್. ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ದುರಸ್ತಿಯಾದ ಜಾಗದ ಮೇಲೆ ಈ ದ್ರವದ ಒತ್ತಡ ನಾಡಿಮಿಡಿತದೊಂದಿಗೆ ಏರಿಳಿಯುತ್ತ ನಿರಂತರವಾಗಿ ಬೀಳುತ್ತದೆ. ರೋಗಿ ಎದ್ದು ಕೂತಾಗ ದ್ರವ ಹೊರಬರುವ ದಿಕ್ಕು ಕೆಳಮುಖ, ಅಂದರೆ ಮೂಗಿನ ಕಡೆಗೆ. ಮೂಗು ಸೂಕ್ಷ್ಮಜೀವಿಗಳಿಂದ ಮುಕ್ತವಾದ ಜಾಗವಲ್ಲ. ಸೋರಿಕೆ ಮುಂದುವರಿದರೆ ಮೆನಿಂಜೈಟಿಸ್‌ನ ಅಪಾಯವಿದೆ. ಗಾಳಿ ಒಳಸೇರಿ ತಲೆಬುರುಡೆಯೊಳಗೆ ನಿಲ್ಲುವ ಸಾಧ್ಯತೆಯೂ ಇದೆ.

ತೆರಪುಗಳೆಲ್ಲ ಒಂದೇ ಬಗೆಯವಲ್ಲ. ಪಿಟ್ಯುಟರಿ ಗಡ್ಡೆ ತೆಗೆಯುವಾಗ ಅರಾಕ್ನಾಯ್ಡ್ ಪೊರೆಯಲ್ಲಿ ಬೀಳುವ ಸೂಜಿಮೊನೆಯಷ್ಟು ರಂಧ್ರ ಒಂದು ತುದಿಯಾದರೆ, ಮಿದುಳಿನ ದ್ರವಕೊಳ ಅಥವಾ ಮೂರನೆಯ ಕುಹರ ನೇರವಾಗಿ ತೆರೆದುಕೊಳ್ಳುವ ದೊಡ್ಡ ತೆರಪು ಇನ್ನೊಂದು ತುದಿ. ಎರಡನೆಯದಕ್ಕೆ 'ಅಧಿಕ ಹರಿವಿನ ಸೋರಿಕೆ' ಎಂಬ ಹೆಸರು ಬಳಕೆಯಲ್ಲಿದೆ. 2007ರಲ್ಲಿ ಎಸ್ಪೊಸಿಟೊ, ಕೆಲ್ಲಿ ಮತ್ತು ಸಂಗಡಿಗರು ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಕಂಡ ಸೋರಿಕೆಯನ್ನು 0ಯಿಂದ 3ರವರೆಗೆ ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೆ ತಕ್ಕಂತೆ ದುರಸ್ತಿಯನ್ನು ಸೂಚಿಸಿದರು. ಬೇರೆ ಗುಂಪುಗಳು ಈ ದರ್ಜೆಯ ಬದಲು ಡ್ಯೂರಾ ತೆರಪಿನ ಅಳತೆಯನ್ನು ಹಿಡಿದಿವೆ. ಕೆಲವು ಅರಾಕ್ನಾಯ್ಡ್ ಎಷ್ಟು ಬಿಡಿಸಲಾಯಿತು ಎಂಬುದನ್ನು ಹಿಡಿದಿವೆ. 9ನೇ ವಿಭಾಗದ ತೊಡಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

4. 2006ಕ್ಕೆ ಮೊದಲು

ತಲೆಬುರುಡೆ ತೆರೆದು ಒಳಗಿನಿಂದ ಸೋರಿಕೆ ಮುಚ್ಚಿದ ಮೊದಲ ಯಶಸ್ವಿ ಪ್ರಕರಣವೆಂದು ವಾಲ್ಟರ್ ಡ್ಯಾಂಡಿಯ 1926ರ ವರದಿಯನ್ನು ಹೆಸರಿಸುವುದು ವಾಡಿಕೆ. ಅಲ್ಲಿ ಬಳಸಿದ್ದು ಫ್ಯಾಸಿಯಾ ಲಾಟಾ, ಅಂದರೆ ಗ್ರಾಫ್ಟ್. ಮಿದುಳನ್ನು ಎತ್ತಿ ಹಿಡಿಯದೆ, ಹೊರಗಿನಿಂದ ಮೂಗು ಮತ್ತು ಕಣ್ಣಿನ ನಡುವೆ ಕೊಯ್ದು ಮೂಗಿನ ಲೋಳೆಪೊರೆಯ ಫ್ಲಾಪಿನಿಂದ ಸೋರಿಕೆ ಮುಚ್ಚಿದ ವರದಿ ಗೋಸ್ಟಾ ಡೋಲ್ಮನ್‌ರದು, 1948ರಲ್ಲಿ ಪ್ರಕಟವಾದದ್ದು.

ಈ ಟಿಪ್ಪಣಿಗೆ ಹೆಚ್ಚು ಮುಖ್ಯವಾದದ್ದು 1952ರ ಲೇಖನ. ಲೇಖಕ ಓಸ್ಕರ್ ಹಿರ್ಶ್. 1910ರಲ್ಲಿ ವಿಯೆನ್ನಾದಲ್ಲಿ ಮೂಗಿನ ಒಳಮಾರ್ಗದಿಂದ ಪಿಟ್ಯುಟರಿ ಶಸ್ತ್ರಕ್ರಿಯೆ ಮಾಡಿದವರು ಇವರೇ; 1938ರ ನಂತರ ಬಾಸ್ಟನ್‌ನಲ್ಲಿದ್ದರು. ಸ್ಫೀನಾಯ್ಡ್ ಸೈನಸ್‌ನ ಎರಡು ಸೋರಿಕೆಗಳನ್ನು ಹೊರಗೆ ಎಲ್ಲೂ ಕೊಯ್ಯದೆ, ನಡುಗೋಡೆಯ ಲೋಳೆಪೊರೆಯ ಫ್ಲಾಪಿನಿಂದ ಮುಚ್ಚಿದ್ದಾಗಿ ಅವರು ವರದಿ ಮಾಡಿದರು. ದಾನಸ್ಥಳ ನಡುಗೋಡೆ, ಮಾರ್ಗ ಮೂಗಿನ ಒಳಗಿನದು, ಗುರಿ ಸ್ಫೀನಾಯ್ಡ್: ಮೂರೂ 2006ರ ವಿಧಾನಕ್ಕೆ ಹೊಂದುತ್ತವೆ. ನಡುವೆ 54 ವರ್ಷಗಳ ಅಂತರವಿದೆ.

ಮುಂದಿನ ದಶಕಗಳಲ್ಲಿ ಬೆಳವಣಿಗೆ ಎರಡು ಹಾದಿಗಳಲ್ಲಿ ನಡೆದಂತೆ ಕಾಣುತ್ತದೆ. ಒಂದು, ಕ್ಯಾನ್ಸರ್ ಶಸ್ತ್ರಕ್ರಿಯೆಯ ಹಾದಿ. 1963ರಲ್ಲಿ ಕೆಚಮ್ ಮತ್ತು ಸಂಗಡಿಗರು ಮುಖ ಮತ್ತು ತಲೆಬುರುಡೆ ಎರಡೂ ಕಡೆಯಿಂದ ಸೈನಸ್ ಗಡ್ಡೆಗಳನ್ನು ತೆಗೆಯುವ ಸಂಯುಕ್ತ ವಿಧಾನವನ್ನು ಪ್ರಕಟಿಸಿದರು. ಅದು ಉಳಿಸುವ ದೊಡ್ಡ ತೆರಪಿಗೆ ರಕ್ತಸಂಚಾರವುಳ್ಳ ಅಂಗಾಂಶ ಬೇಕಾಯಿತು. ನೆತ್ತಿಯ ಚರ್ಮದಡಿಯ ಪೊರೆಯಾದ ಪೆರಿಕ್ರೇನಿಯಮ್‌ನ ಫ್ಲಾಪ್ ಬಗ್ಗೆ ವುಲ್ಫ್ 1978ರಲ್ಲಿ ಬರೆದರು; ಅದನ್ನು ಇಂಥ ತೆರಪುಗಳಿಗೆ ಬಳಸಿದ ಬಗ್ಗೆ ಜಾನ್ಸ್ ಮತ್ತು ಸಂಗಡಿಗರು 1981ರಲ್ಲಿ ಬರೆದರು. ಇನ್ನೊಂದು, ಎಂಡೋಸ್ಕೋಪ್ ಹಾದಿ. ವಿಗಾಂಡ್ 1981ರಲ್ಲಿಯೂ ಮ್ಯಾಟಕ್ಸ್ ಮತ್ತು ಕೆನಡಿ 1990ರಲ್ಲಿಯೂ ವರದಿ ಮಾಡಿದ ದುರಸ್ತಿಗಳು ಸಣ್ಣ ತೆರಪುಗಳವು. 2000ದಲ್ಲಿ ಹೆಗಾಜಿ, ಕಾರಾವ್ ಮತ್ತು ಸಂಗಡಿಗರ ಸಂಗ್ರಹ ವಿಶ್ಲೇಷಣೆ 289 ಸೋರಿಕೆಗಳನ್ನು ಒಟ್ಟುಗೂಡಿಸಿತು. ಮೊದಲ ಯತ್ನದಲ್ಲಿಯೇ 90% ಮುಚ್ಚಿದ್ದವು. ಎಂಡೋಸ್ಕೋಪ್ ವಿಧಾನದಿಂದ ಅಂತಿಮವಾಗಿ 97%. ಅಲ್ಲಿನ ದುರಸ್ತಿಗಳಲ್ಲಿ ಬಹುಪಾಲು ಗ್ರಾಫ್ಟ್‌ಗಳಿಂದ ಆದವು. ಸಣ್ಣ ತೆರಪಿಗೆ ಗ್ರಾಫ್ಟ್ ಸಾಲುತ್ತದೆಂಬ ಅಭಿಪ್ರಾಯ ಈ ಅಂಕಿಗಳ ಮೇಲೆಯೇ ನಿಂತಿದೆ, ಮತ್ತು ಅದನ್ನು ಬದಲಿಸಲು ನಂತರದ ಅಂಕಿಗಳಲ್ಲಿ ಕಾರಣ ಕಾಣುವುದಿಲ್ಲ.

ಎರಡು ಹಾದಿಗಳು ಕೂಡಿದ್ದು, 1997ರ ಝೋ ಮತ್ತು ಕಾರಾವ್ ಅವರ 50 ಪಿಟ್ಯುಟರಿ ರೋಗಿಗಳ ವರದಿಯ ನಂತರದ ಒಂದು ದಶಕದಲ್ಲಿ, ಮೂಗಿನ ಮಾರ್ಗದಿಂದ ದೊಡ್ಡ ಗಡ್ಡೆಗಳನ್ನೂ ತೆಗೆಯತೊಡಗಿದಾಗ ಎಂದು ತೋರುತ್ತದೆ. ತೆರಪು ದೊಡ್ಡದಾಯಿತು, ಸಣ್ಣ ತೆರಪಿಗೆ ರೂಪಿಸಿದ ದುರಸ್ತಿ ಅಲ್ಲಿ ಸೋಲತೊಡಗಿತು.

5. 2006ರ ಲೇಖನ

ಲೇಖನ ಪ್ರಕಟವಾದದ್ದು 'ಲ್ಯಾರಿಂಗೋಸ್ಕೋಪ್' ಪತ್ರಿಕೆಯ 116ನೇ ಸಂಪುಟದ 10ನೇ ಸಂಚಿಕೆಯಲ್ಲಿ, 1882ರಿಂದ 1886ರವರೆಗಿನ ಪುಟಗಳಲ್ಲಿ. ಲೇಖಕರು ಏಳು ಮಂದಿ: ಹಡಾದ್, ಬಸ್ಸಾಗಸ್ತೆಗುಯ್, ಕಾರಾವ್, ಮಟಾಜ, ಕಸ್ಸಮ್, ಸ್ನೈಡರ್ಮನ್, ಮಿಂಟ್ಸ್. ರೋಗಿಗಳು ಎರಡು ಕೇಂದ್ರಗಳಿಂದ ಬಂದವರು: ಅರ್ಜೆಂಟೀನಾದ ರೊಸಾರಿಯೊ ಮತ್ತು ಅಮೆರಿಕದ ಪಿಟ್ಸ್‌ಬರ್ಗ್. ಅಧ್ಯಯನ ಹಿಂದಿನ ದಾಖಲೆಗಳ ಪರಿಶೀಲನೆ. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ.

ವಿಧಾನದ ತಿರುಳು ಹೀಗಿದೆ. ಮ್ಯಾಕ್ಸಿಲರಿ ಅಪಧಮನಿಯ ಕೊನೆಯ ಕವಲಾದ ಸ್ಫೀನೋಪ್ಯಾಲಟೈನ್ ಅಪಧಮನಿಯಿಂದ ಹಿಂದಿನ ನಡುಗೋಡೆಯ ಶಾಖೆ ಹೊರಟು, ಸ್ಫೀನಾಯ್ಡ್ ಸೈನಸ್‌ನ ಮುಂಗೋಡೆಯನ್ನು ಅಡ್ಡಲಾಗಿ ದಾಟಿ ನಡುಗೋಡೆಗೆ ಸೇರುತ್ತದೆ. ಸೈನಸ್‌ನ ಬಾಯಿ ಅದರ ಮೇಲಕ್ಕೂ, ಮೂಗಿನ ಹಿಂಬಾಗಿಲ ಕಮಾನು ಅದರ ಕೆಳಕ್ಕೂ ಇವೆ. ಈ ಕಿರಿದಾದ ಪಟ್ಟಿಯೇ ತೊಟ್ಟು. ಕೆಳಗಿನ ಕೊಯ್ತ ನಡುಗೋಡೆಯ ಬುಡದ ಉದ್ದಕ್ಕೆ ಸಾಗುತ್ತದೆ. ಮೇಲಿನದು ನಡುಗೋಡೆಯ ನೆತ್ತಿಯಿಂದ 1ರಿಂದ 2 ಸೆಂಟಿಮೀಟರ್ ಕೆಳಗೆ ಅದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಆ ಅಂತರ ವಾಸನೆಯ ಪೊರೆಯನ್ನು ಉಳಿಸಲೆಂದು. ಮುಂಭಾಗದಲ್ಲಿ ಒಂದು ಲಂಬ ಕೊಯ್ತ ಎರಡನ್ನೂ ಕೂಡಿಸುತ್ತದೆ. ಮೃದ್ವಸ್ಥಿ ಮತ್ತು ಮೂಳೆಯ ಮೇಲಿನ ಪೊರೆಗಳ ಸಮೇತ ಲೋಳೆಪೊರೆ ಎದ್ದುಬರುತ್ತದೆ.

ಇದರಿಂದ ಒಂದು ಕಾಲಕ್ರಮದ ನಿರ್ಬಂಧ ಹುಟ್ಟುತ್ತದೆ. ಸ್ಫೀನಾಯ್ಡ್ ಸೈನಸನ್ನು ಅಗಲವಾಗಿ ತೆರೆಯುವಾಗ, ನಡುಗೋಡೆಯ ಹಿಂಭಾಗ ತೆಗೆಯುವಾಗ ತೊಟ್ಟು ಕಡಿದುಹೋಗುವ ಸಂಭವವಿದೆ. ಆದ್ದರಿಂದ ಫ್ಲಾಪನ್ನು ಶಸ್ತ್ರಕ್ರಿಯೆಯ ಆರಂಭದಲ್ಲಿಯೇ ಎಬ್ಬಿಸಿ, ಗಡ್ಡೆ ತೆಗೆಯುವವರೆಗೆ ಮೂಗಿನ ಹಿಂದಿನ ಗಂಟಲಲ್ಲಿ ಮಡಚಿ ಇಟ್ಟಿರಬೇಕು. ಸೋರಿಕೆ ಆಗುವುದೋ ಇಲ್ಲವೋ ಗೊತ್ತಾಗುವ ಮೊದಲೇ ನಿರ್ಧರಿಸಬೇಕಾದ ಈ ಕಷ್ಟಕ್ಕೆ 2011ರಲ್ಲಿ ರಿವೇರಾ-ಸೆರಾನೊ ಮತ್ತು ಸಂಗಡಿಗರು 'ರೆಸ್ಕ್ಯೂ ಫ್ಲಾಪ್' ಸೂಚಿಸಿದರು: ಮೊದಲು ತೊಟ್ಟಿನ ಭಾಗವನ್ನಷ್ಟೇ ಬಿಡಿಸಿ ಕಾಪಾಡುವುದು, ಸೋರಿಕೆ ಕಂಡರೆ ಉಳಿದದ್ದನ್ನು ಎಬ್ಬಿಸುವುದು.

ಮುಚ್ಚುವ ಹಂತದಲ್ಲಿ ಫ್ಲಾಪ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಳಪದರವಾಗಿ ಸಾಮಾನ್ಯವಾಗಿ ಕೊಲಾಜನ್ ಹಾಳೆ ಅಥವಾ ಫ್ಯಾಸಿಯಾ ಇರುತ್ತದೆ. ಅದರ ಹೊರಗೆ ಫ್ಲಾಪ್. ಅದಕ್ಕೆ ಒತ್ತಾಸೆಯಾಗಿ ಪ್ಯಾಕಿಂಗ್ ಅಥವಾ ಬಲೂನು. ತೆರಪಿನ ಸುತ್ತಲಿನ ಮೂಳೆಯಿಂದ ಹಳೆಯ ಲೋಳೆಪೊರೆಯನ್ನು ಕೆರೆದು ತೆಗೆದಿರಬೇಕು. ಇಲ್ಲವಾದರೆ ಫ್ಲಾಪ್ ಮೂಳೆಗೆ ಹಿಡಿಯುವುದಿಲ್ಲ. ಅಡಿಯಲ್ಲಿ ಸಿಕ್ಕ ಪೊರೆ ಲೋಳೆ ಸ್ರವಿಸುತ್ತ ಚೀಲವಾಗಿ ಬೆಳೆಯಬಹುದು. ಗಮನಿಸಬೇಕಾದದ್ದು: 'ಫ್ಲಾಪ್ ದುರಸ್ತಿ' ಎಂದು ವರದಿಯಾಗುವುದು ವಾಸ್ತವದಲ್ಲಿ ಗ್ರಾಫ್ಟ್ ಮತ್ತು ಫ್ಲಾಪ್ ಎರಡೂ ಸೇರಿದ ದುರಸ್ತಿ.

ಹಿರ್ಶ್‌ರ 1952ರ ಲೇಖನದ ಎದುರು ಇಟ್ಟು ನೋಡಿದರೆ, 2006ರಲ್ಲಿ ಹೊಸದಾದದ್ದು ನಡುಗೋಡೆಯ ಆಯ್ಕೆಯಲ್ಲ. ಫ್ಲಾಪನ್ನು ಗುರುತಿಸಿದ ಒಂದು ಅಪಧಮನಿಯ ಮೇಲೆ ನಿಲ್ಲಿಸಿದ್ದು ಹೊಸದು. ಹಾಗೆ ನಿಲ್ಲಿಸಿದ್ದರಿಂದ ನಡುಗೋಡೆಯ ಒಂದು ಪಕ್ಕದ ಹೆಚ್ಚುಕಡಿಮೆ ಇಡೀ ಲೋಳೆಪೊರೆಯನ್ನು ಕಿರಿದಾದ ತೊಟ್ಟಿನ ಮೇಲೆ ತಿರುಗಿಸಲು ಸಾಧ್ಯವಾಯಿತು. ಶೀರ್ಷಿಕೆಯ 'ಹೊಸ' ಎಂಬ ವಿಶೇಷಣ ಈ ಅರ್ಥದಲ್ಲಿ ಸಮರ್ಥನೀಯ. ನಡುಗೋಡೆಯ ಫ್ಲಾಪಿನ ಆರಂಭವೇ 2006 ಎಂಬ ಅರ್ಥದಲ್ಲಿ ಅಲ್ಲ.

6. ಹೆಸರುಗಳಲ್ಲಿನ ವ್ಯತ್ಯಾಸ

6.1. ಎರಡನೆಯ ಲೇಖಕರ ಹೆಸರು 2006ರ ಲೇಖನದಲ್ಲಿ 'ಬಸ್ಸಾಗಸ್ತೆಗುಯ್' ಎಂದು ಓದಬೇಕಾದ ಕಾಗುಣಿತದಲ್ಲಿದೆ. ನಂತರದ ಅನೇಕ ಲೇಖನಗಳಲ್ಲಿ ಒಂದು ಸ್ವರ ಸೇರಿ 'ಬಸ್ಸಾಗಾಯ್ಸ್ತೆಗುಯ್' ಆಗಿದೆ. ಎರಡೂ ಒಬ್ಬರದೇ ಹೆಸರು. ದತ್ತಸಂಚಯಗಳಲ್ಲಿ ಹುಡುಕುವವರು ಒಂದೇ ರೂಪವನ್ನು ಕೊಟ್ಟರೆ ಒಂದಷ್ಟು ಸಾಹಿತ್ಯ ಕೈತಪ್ಪುತ್ತದೆ. ಫ್ಲಾಪಿಗೆ ಮೊದಲ ಇಬ್ಬರು ಲೇಖಕರ ಹೆಸರೂ ಅಂಟಿರುವುದರಿಂದ ಈ ವ್ಯತ್ಯಾಸ ಫ್ಲಾಪಿನ ಹೆಸರಿಗೂ ಹರಡಿದೆ.

6.2. ಲೇಖನದ ಶೀರ್ಷಿಕೆ ತೊಟ್ಟನ್ನು 'ರಕ್ತನಾಳದ' ತೊಟ್ಟು ಎನ್ನುತ್ತದೆ. ಸಾರಾಂಶ 'ನರ-ರಕ್ತನಾಳದ' ತೊಟ್ಟು ಎನ್ನುತ್ತದೆ. ಅಪಧಮನಿಯೊಂದಿಗೆ ನರದ ಎಳೆಗಳೂ ಸಾಗುವುದರಿಂದ ಎರಡನೆಯದು ಅಂಗರಚನೆಯ ದೃಷ್ಟಿಯಿಂದ ತಪ್ಪಲ್ಲ. ಆದರೆ ಫ್ಲಾಪಿನ ಉಳಿವಿಗೆ ನರ ಬೇಕೆಂಬ ವಾದ ಅಲ್ಲಿಲ್ಲ. ನಂತರದ ಬಳಕೆಯಲ್ಲಿ ಶೀರ್ಷಿಕೆಯ ರೂಪವೇ ಉಳಿದಿದೆ.

6.3. ಸಾರಾಂಶ ಹೆಸರಿಸುವ 'ನೇಸೋಸೆಪ್ಟಲ್ ಅಪಧಮನಿ' ಅಂತರರಾಷ್ಟ್ರೀಯ ಅಂಗರಚನಾ ಪದಪಟ್ಟಿಯಲ್ಲಿ ಆ ರೂಪದಲ್ಲಿಲ್ಲ. ಅಲ್ಲಿರುವುದು 'ರಾಮಿ ಸೆಪ್ಟಾಲೆಸ್ ಪೋಸ್ಟೀರಿಯೋರೆಸ್', ಅಂದರೆ ಹಿಂದಿನ ನಡುಗೋಡೆಯ ಶಾಖೆಗಳು. ಬಹುವಚನ ಗಮನಾರ್ಹ. ಶಸ್ತ್ರಕಾರರ ಬಳಕೆಯಲ್ಲಿ ಅದು ಏಕವಚನದ 'ಹಿಂದಿನ ನಡುಗೋಡೆಯ ಅಪಧಮನಿ' ಆಗಿದೆ. ತೊಟ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಶಾಖೆಗಳು ಹಾಯುವ ಸಾಧ್ಯತೆಯನ್ನು ಏಕವಚನ ಮರೆಮಾಡುತ್ತದೆ. ತೊಟ್ಟನ್ನು ಎಷ್ಟು ಕಿರಿದಾಗಿಸಬಹುದು ಎಂದು ತೀರ್ಮಾನಿಸುವಾಗ ಇದು ಬರಿಯ ಪದಪ್ರಶ್ನೆಯಾಗಿ ಉಳಿಯುವುದಿಲ್ಲ.

6.4. ಕೇಂದ್ರದ ಹೆಸರು ಸಾರಾಂಶದಲ್ಲಿ 'ರೊಸಾರಿಯೊ ವಿಶ್ವವಿದ್ಯಾಲಯ'. ಸಂಸ್ಥೆಯ ಅಧಿಕೃತ ಹೆಸರು ರೊಸಾರಿಯೊ ರಾಷ್ಟ್ರೀಯ ವಿಶ್ವವಿದ್ಯಾಲಯ, ಸ್ಥಾಪನೆ 1968.

7. ಹಣೆಯ ತೊಟ್ಟು, 1794

ಪೆರಿಕ್ರೇನಿಯಮ್ ಫ್ಲಾಪಿಗೆ ರಕ್ತ ಬರುವುದು ಕಣ್ಣಿನ ಗೂಡಿನ ಮೇಲಂಚಿನಿಂದ ಹಣೆಗೆ ಏರುವ ಎರಡು ಅಪಧಮನಿಗಳಿಂದ: ಸುಪ್ರಾಆರ್ಬಿಟಲ್ ಮತ್ತು ಸುಪ್ರಾಟ್ರಾಕ್ಲಿಯರ್. ಹಣೆಯ ಚರ್ಮದಿಂದ ಮೂಗು ಕಟ್ಟುವ ಹಳೆಯ ಭಾರತೀಯ ವಿಧಾನದ ತೊಟ್ಟಿನಲ್ಲಿ ಇರುವುದೂ ಮುಖ್ಯವಾಗಿ ಸುಪ್ರಾಟ್ರಾಕ್ಲಿಯರ್ ಅಪಧಮನಿಯೇ. ಒಂದರಲ್ಲಿ ಚರ್ಮ ಬರುತ್ತದೆ, ಇನ್ನೊಂದರಲ್ಲಿ ಚರ್ಮ ಬಿಟ್ಟು ಅಡಿಯ ಪೊರೆ. ಈ ಅಂಗರಚನೆಯ ಸಂಬಂಧದ ಕಾರಣಕ್ಕೆ, ಮತ್ತು ಘಟನೆಯ ಒಂದು ತುದಿ ಮೈಸೂರಿನ ಇತಿಹಾಸದಲ್ಲಿರುವ ಕಾರಣಕ್ಕೆ, ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾದ ಪತ್ರವನ್ನು ಇಲ್ಲಿ ಪರಿಶೀಲಿಸುವುದು ಉಚಿತ.

ಪತ್ರದ ಕೆಳಗೆ ಇರುವುದು ಎರಡು ಮೊದಲಕ್ಷರಗಳು ಮಾತ್ರ: ಬಿ. ಎಲ್. ವಿಷಯ: ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡದ್ದು, ಸುಮಾರು ಹನ್ನೆರಡು ತಿಂಗಳ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬರು ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿದ್ದು. ಮೇಣದ ಅಚ್ಚಿನಿಂದ ಅಳತೆ ತೆಗೆದು, ಹುಬ್ಬುಗಳ ನಡುವೆ ಒಂದು ಕಿರುಪಟ್ಟಿಯನ್ನು ಉಳಿಸಿಕೊಂಡು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿದ ಕ್ರಮ ಅಲ್ಲಿದೆ. ಗಾಯ ಕೂಡುವವರೆಗೆ ರಕ್ತಸಂಚಾರ ಕಾಪಾಡುವುದು ಆ ಪಟ್ಟಿಯೇ ಎಂಬ ವಿವರಣೆಯೂ ಇದೆ. ಕೂಡಿಕೊಂಡ ಮೇಲೆ, ಸುಮಾರು 25ನೇ ದಿನ, ಪಟ್ಟಿಯನ್ನು ಕತ್ತರಿಸಲಾಗುತ್ತಿತ್ತು. ಸಾಮೀಪ್ಯ ಕಸಿಯ ಹೋಲಿಕೆ ಇಲ್ಲಿ ಪೂರ್ಣವಾಗಿ ಹೊಂದುತ್ತದೆ. ನಡುಗೋಡೆಯ ಫ್ಲಾಪಿನಲ್ಲಿ ತೊಟ್ಟನ್ನು ಕತ್ತರಿಸುವುದಿಲ್ಲ. ಅದು ಹಾಗೆಯೇ ಉಳಿಯುತ್ತದೆ.

ಭಿನ್ನತೆಗಳು ಹೀಗಿವೆ. ಪತ್ರ ರೋಗಿಯನ್ನು ಮರಾಠ ಬೇಸಾಯಗಾರನೆನ್ನುತ್ತದೆ, ಆದರೆ ಅಚ್ಚಾದ ಹೆಸರು ಪಾರ್ಸಿಗಳಲ್ಲಿ ಹೆಚ್ಚು ಕಾಣುವಂಥದು. ಸಾಕ್ಷಿಗಳಾಗಿ ಹೆಸರಿಸಿರುವ ಇಬ್ಬರು ಬೊಂಬಾಯಿ ವೈದ್ಯರಲ್ಲಿ ಒಬ್ಬರು ಕ್ರೂಸೊ. ಇನ್ನೊಬ್ಬರ ಹೆಸರು ಅಚ್ಚಿನಲ್ಲಿ 'ಟ್ರಿಂಡ್ಲೆ' ಎಂದಿದ್ದು, ನಂತರದ ಇತಿಹಾಸಕಾರರು ಅದನ್ನು 'ಫಿಂಡ್ಲೆ' ಎಂದು ತಿದ್ದಿದ್ದಾರೆ. ಶಸ್ತ್ರಕ್ರಿಯೆಯ ವರ್ಷವನ್ನು ಕೆಲವರು 1793 ಎಂದೂ ಕೆಲವರು 1794 ಎಂದೂ ಬರೆಯುತ್ತಾರೆ. ಶ್ರೀರಂಗಪಟ್ಟಣದ ಒಪ್ಪಂದ 1792ರ ಮಾರ್ಚ್‌ನಲ್ಲಾದದ್ದು. ಹನ್ನೆರಡು ತಿಂಗಳ ಲೆಕ್ಕ ಹಿಡಿದರೆ 1793 ಹೆಚ್ಚು ಸಂಭಾವ್ಯ. 1794 ಎಂಬುದು ಪತ್ರ ಅಚ್ಚಾದ ವರ್ಷ. ಲಂಡನ್ನಿನಲ್ಲಿ ಕಾರ್ಪ್ಯೂ ಈ ಕ್ರಮವನ್ನು ಮೊದಲು ಅನುಸರಿಸಿದ್ದು 1814ರಲ್ಲಿ, ಪುಸ್ತಕ ಪ್ರಕಟಿಸಿದ್ದು 1816ರಲ್ಲಿ. ಈ ಎರಡು ವರ್ಷಗಳೂ ಹಾಗೆಯೇ ಅದಲುಬದಲಾಗುವುದುಂಟು.

ಹಣೆಯ ವಿಧಾನವನ್ನು ಸುಶ್ರುತಸಂಹಿತೆಗೆ ಆರೋಪಿಸುವುದು ವ್ಯಾಪಕವಾಗಿದೆ. ಸೂತ್ರಸ್ಥಾನದ 16ನೇ ಅಧ್ಯಾಯ ಮೂಗು ಕಟ್ಟಲು ಹೇಳುವುದು ಕೆನ್ನೆಯ ಪಕ್ಕದ ಅಂಗಾಂಶವನ್ನು, ಹಣೆಯದನ್ನಲ್ಲ. ತೊಟ್ಟಿನ ಕಲ್ಪನೆ ಅಲ್ಲಿದೆ ಎನ್ನಬಹುದು, ದಾನಸ್ಥಳ ಬೇರೆ. 1794ರ ಪತ್ರವನ್ನೂ ಸಂಹಿತೆಯನ್ನೂ ಒಂದೇ ವಿಧಾನದ ಎರಡು ಸಾಕ್ಷ್ಯಗಳೆಂದು ಬರೆಯುವುದು ಸರಿಯಲ್ಲ.

8. ದಾನಸ್ಥಳ ಮತ್ತು ಪರ್ಯಾಯಗಳು

ಲೋಳೆಪೊರೆ ಹೋದ ಪಕ್ಕದಲ್ಲಿ ನಡುಗೋಡೆಯ ಮೃದ್ವಸ್ಥಿ ಬಯಲಾಗುತ್ತದೆ. ಅಲ್ಲಿ ಮತ್ತೆ ಪೊರೆ ಬೆಳೆಯುವವರೆಗೆ, ಅಂದರೆ ಹಲವು ವಾರ, ಕೆಲವರಲ್ಲಿ ತಿಂಗಳುಗಳವರೆಗೆ, ಹಕ್ಕಳೆ ಕಟ್ಟುತ್ತದೆ. ಇದನ್ನು ತಗ್ಗಿಸಲು ಎದುರು ಪಕ್ಕದ ಪೊರೆಯನ್ನು ತಿರುಗಿಸಿ ಹೊದಿಸುವ ಕ್ರಮವನ್ನು ಕೈಸೆಡೊ-ಗ್ರನಾಡೋಸ್ ಮತ್ತು ಸಂಗಡಿಗರು 2010ರಲ್ಲಿ ವಿವರಿಸಿದರು. ಮೂಗಿನ ಹೊರ ಆಕಾರದ ಮೇಲಿನ ಪರಿಣಾಮ ತಡವಾಗಿ ಗಮನಕ್ಕೆ ಬಂದಂತಿದೆ. 2016ರಲ್ಲಿ ಪಿಟ್ಸ್‌ಬರ್ಗ್ ಗುಂಪಿನ ರೋವನ್ ಮತ್ತು ಸಂಗಡಿಗರು 328 ರೋಗಿಗಳಲ್ಲಿ 19 ಮಂದಿಗೆ, ಅಂದರೆ 5.8% ಮಂದಿಗೆ, ಮೂಗಿನ ವಿರೂಪ ಉಂಟಾದದ್ದನ್ನು ವರದಿ ಮಾಡಿದರು. ಗಡ್ಡೆಯ ಚಿಕಿತ್ಸೆಯ ಎದುರು ಇದು ಸಣ್ಣ ವಿಷಯವೆಂದು ಬದಿಗೆ ಸರಿಸುವುದು ಸುಲಭ. ಆದರೆ ರೋಗಿ ಕನ್ನಡಿಯಲ್ಲಿ ದಿನವೂ ನೋಡುವುದು ಮೂಗನ್ನೇ. ಶಸ್ತ್ರಕ್ರಿಯೆಗೆ ಮೊದಲು ರೋಗಿಗೆ ತಿಳಿಸಬೇಕಾದ ವಿಷಯಗಳಲ್ಲಿ ಈ ಅಂಕಿಯೂ ಸೇರಬೇಕು.

ಹಿಂದಿನ ಶಸ್ತ್ರಕ್ರಿಯೆಯಲ್ಲಿ ನಡುಗೋಡೆ ಹೋಗಿದ್ದರೆ ಅಥವಾ ಗಡ್ಡೆ ನಡುಗೋಡೆಯನ್ನೋ ತೊಟ್ಟಿನ ಜಾಗವನ್ನೋ ಆಕ್ರಮಿಸಿದ್ದರೆ ಈ ಫ್ಲಾಪ್ ಸಿಗುವುದಿಲ್ಲ. ಚಿಕ್ಕ ಮಕ್ಕಳಲ್ಲಿ ನಡುಗೋಡೆಯ ಅಳತೆ ಸಾಲದಿರಬಹುದು. ಪರ್ಯಾಯಗಳಲ್ಲಿ ಕೆಳಗಿನ ಟರ್ಬಿನೇಟ್ ಫ್ಲಾಪ್ ಮತ್ತು ಕಣತಲೆಯ ಮೇಲಿನ ಟೆಂಪೊರೊಪರೈಟಲ್ ಫ್ಯಾಸಿಯಾ ಫ್ಲಾಪ್ ಎರಡನ್ನೂ ಫೋರ್ಟೆಸ್ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದರು. ಪೆರಿಕ್ರೇನಿಯಮ್ ಫ್ಲಾಪನ್ನು ಎಂಡೋಸ್ಕೋಪ್‌ನಿಂದ ಎಬ್ಬಿಸಿ ಮೂಗಿನ ಬುಡದ ಮೂಳೆಯಲ್ಲಿ ಕೊರೆದ ಕಿಂಡಿಯ ಮೂಲಕ ಒಳಗಿಳಿಸುವ ಕ್ರಮ ಜಾನೇಶನ್ ಮತ್ತು ಸಂಗಡಿಗರದು, 2009.

9. ಸೋರಿಕೆಯ ಅಂಕಿಗಳು

9.1. 2006ರ ಲೇಖನದಲ್ಲಿ 43 ರೋಗಿಗಳು. ಶಸ್ತ್ರಕ್ರಿಯೆಯ ನಂತರ ಸೋರಿಕೆ 2 ಮಂದಿಯಲ್ಲಿ. ಇಬ್ಬರಲ್ಲೂ ಕೊಬ್ಬಿನ ಗ್ರಾಫ್ಟ್ ಇಟ್ಟು ಸರಿಪಡಿಸಲಾಯಿತು. ಒಬ್ಬರಿಗೆ ಮೂಗಿನ ಹಿಂಭಾಗದಿಂದ ರಕ್ತಸ್ರಾವವಾಯಿತು, ಫ್ಲಾಪ್ ಉಳಿಯಿತು. ಅನುಪಾತ 4.65%, ಲೇಖನ ಅದನ್ನು 5% ಎಂದು ಪೂರ್ಣಾಂಕಕ್ಕೆ ತಂದಿದೆ, ಮತ್ತು ಉದ್ಧರಣೆಗಳಲ್ಲಿ ಉಳಿದಿರುವುದು ಆ 5%. ನಿಖರ ದ್ವಿಪದ ವಿಧಾನದಿಂದ ಈ ಟಿಪ್ಪಣಿಗಾಗಿ ಲೆಕ್ಕ ಹಾಕಿದ 95% ವಿಶ್ವಾಸ ವ್ಯಾಪ್ತಿ 0.6ರಿಂದ 15.8%.

9.2. 2009ರಲ್ಲಿ ಜಾನೇಶನ್ ಮತ್ತು ಸಂಗಡಿಗರು ಅಧಿಕ ಹರಿವಿನ ಸೋರಿಕೆಯಿದ್ದ, ಸಾಲಾಗಿ ಬಂದ 70 ಪ್ರಕರಣಗಳಲ್ಲಿ 94% ಯಶಸ್ಸು ವರದಿ ಮಾಡಿದರು. ಸೋತವು 4 ಎಂದು ಹಿಡಿದರೆ 5.7%, ಮೇಲಿನ ವಿಧಾನದಿಂದಲೇ ವ್ಯಾಪ್ತಿ 1.6ರಿಂದ 14.0%.

9.3. 2012ರಲ್ಲಿ ಹಾರ್ವಿ, ಪರ್ಮಾರ್, ಸ್ಯಾಕ್ಸ್ ಮತ್ತು ಜಾನೇಶನ್ ದೊಡ್ಡ ಡ್ಯೂರಾ ತೆರಪುಗಳ ಬಗ್ಗೆ ಪ್ರಕಟಿತ ವರದಿಗಳನ್ನು ಕ್ರಮಬದ್ಧವಾಗಿ ಪರಿಶೀಲಿಸಿದರು. ಒಟ್ಟು 609 ರೋಗಿಗಳಲ್ಲಿ 70 ಸೋರಿಕೆ (11.5%). ಗ್ರಾಫ್ಟ್ ಗುಂಪಿನಲ್ಲಿ 326ಕ್ಕೆ 51 (15.6%), ರಕ್ತಸಂಚಾರವುಳ್ಳ ಫ್ಲಾಪ್ ಗುಂಪಿನಲ್ಲಿ 283ಕ್ಕೆ 19 (6.7%). ಈ ಅಂಕಿಗಳಿಂದ ಕೈ-ವರ್ಗ ಮೌಲ್ಯವನ್ನು ಮತ್ತೆ ಲೆಕ್ಕ ಹಾಕಿದಾಗ 11.88 ಬರುತ್ತದೆ, ಮೂಲದಲ್ಲಿರುವುದೂ ಅದೇ. ಮೊತ್ತಗಳಲ್ಲೂ ವ್ಯತ್ಯಾಸವಿಲ್ಲ. ಆಡ್ಸ್ ಅನುಪಾತ, ಈ ಟಿಪ್ಪಣಿಯ ಲೆಕ್ಕದಲ್ಲಿ, ಸುಮಾರು 2.6.

ಇಲ್ಲಿ ಒಂದು ಅಂಶ ಗಮನಕ್ಕೆ ಬಂದಂತಿಲ್ಲ. 2006ರ 43 ಪ್ರಕರಣಗಳ ವ್ಯಾಪ್ತಿಯ ಮೇಲ್ಮಿತಿ 15.8%, 2012ರ ಗ್ರಾಫ್ಟ್ ಗುಂಪಿನ ಅನುಪಾತ 15.6%. ಎಂದರೆ ಮೊದಲ ಲೇಖನದ ಅಂಕಿಯೊಂದನ್ನೇ ಹಿಡಿದರೆ ಗ್ರಾಫ್ಟ್‌ಗಿಂತ ಫ್ಲಾಪ್ ಮೇಲು ಎಂದು ಹೇಳಲು, ಕೂದಲೆಳೆಯಷ್ಟು ಅಂತರದಿಂದಾದರೂ, ಆಧಾರ ಸಾಲುತ್ತಿರಲಿಲ್ಲ. ಲೇಖಕರು ಹಾಗೆ ಸಾಧಿಸಿದ್ದೇವೆಂದು ಬರೆದಿಲ್ಲ. ಆ ಅರ್ಥ ಉದ್ಧರಣೆಗಳಲ್ಲಿ ಸೇರಿಕೊಂಡದ್ದು.

2012ರ ಪರಿಶೀಲನೆ ಆಧಾರವನ್ನು ಗಟ್ಟಿ ಮಾಡಿತು, ಆದರೆ ಒಂದು ಮಿತಿಯೊಳಗೆ. ಗ್ರಾಫ್ಟ್ ವರದಿಗಳಲ್ಲಿ ಹಳೆಯವು ಹೆಚ್ಚಿರುವ ಸಾಧ್ಯತೆಯಿದೆ; ಫ್ಲಾಪ್ ವರದಿಗಳಲ್ಲಿ ಬಹುಪಾಲು 2006ರ ನಂತರದವು. ಅದೇ ಅವಧಿಯಲ್ಲಿ ಕೈಚಳಕ, ಉಪಕರಣ, ಒಳಪದರದ ವಸ್ತು ಎಲ್ಲವೂ ಬದಲಾದವು. ರೋಗಿಗಳನ್ನು ಚೀಟಿ ಎತ್ತಿ ಹಂಚಿದ ಹೋಲಿಕೆ ಇದಲ್ಲ.

9.4. ಚೀಟಿ ಎತ್ತಿ ಹಂಚಿದ ಒಂದು ಪ್ರಯೋಗದಿಂದ ಈ ಸಂದೇಹಕ್ಕೆ ಪರೋಕ್ಷವಾಗಿ ಬೆಳಕು ಸಿಗುತ್ತದೆ. ಪಿಟ್ಸ್‌ಬರ್ಗ್‌ನಲ್ಲಿಯೇ ನಡೆದ, ಜ್ವಾಗರ್ಮನ್ ಮತ್ತು ಸಂಗಡಿಗರ ಈ ಅಧ್ಯಯನವನ್ನು ಕೆಲವರು 2018 ಎಂದೂ ಕೆಲವರು 2019 ಎಂದೂ ಉಲ್ಲೇಖಿಸುತ್ತಾರೆ. ಮೊದಲನೆಯದು ಅಂತರ್ಜಾಲದಲ್ಲಿ ಬಂದ ವರ್ಷ, ಎರಡನೆಯದು ಮುದ್ರಿತ ಸಂಚಿಕೆಯದು. ಪರೀಕ್ಷಿಸಿದ್ದು ಫ್ಲಾಪನ್ನಲ್ಲ, ಬೆನ್ನಿನ ಕೆಳಭಾಗದಿಂದ ದ್ರವ ಬಸಿಯುವ ಲಂಬಾರ್ ಡ್ರೇನನ್ನು: ಗಂಟೆಗೆ 10 ಮಿಲಿಲೀಟರ್‌ನಂತೆ 72 ಗಂಟೆ. ಡ್ಯೂರಾ ತೆರಪು 1 ಚದರ ಸೆಂಟಿಮೀಟರ್‌ಗಿಂತ ದೊಡ್ಡದಿದ್ದವರು, ಅರಾಕ್ನಾಯ್ಡ್ ವ್ಯಾಪಕವಾಗಿ ಬಿಡಿಸಿದವರು, ಕುಹರ ಅಥವಾ ದ್ರವಕೊಳ ತೆರೆದವರು, ಹೀಗೆ ಅಪಾಯ ಹೆಚ್ಚಿದ್ದವರನ್ನೇ ಆಯ್ದದ್ದು. ಒಟ್ಟು 170 ಮಂದಿ. ಡ್ರೇನ್ ಹಾಕಿದ 85ರಲ್ಲಿ 7 ಸೋರಿಕೆ (8.2%), ಹಾಕದ 85ರಲ್ಲಿ 18 (21.2%). ಆಡ್ಸ್ ಅನುಪಾತ 3.0.

21.2% ಎಂಬ ಅಂಕಿಯನ್ನು 2006ರ 5%ಕ್ಕೆ ವಿರುದ್ಧವಾದ ಸಾಕ್ಷ್ಯವೆಂದು ಓದುವುದು ತಪ್ಪಾಗುತ್ತದೆ: ಛೇದದಲ್ಲಿರುವ ರೋಗಿಗಳು ಬೇರೆ ಬಗೆಯವರು. ಆದರೆ 2006ರ ಎರಡು ಕೇಂದ್ರಗಳಲ್ಲಿ ಒಂದರಲ್ಲೇ, ಒಂದು ದಶಕದ ಅನುಭವದ ನಂತರವೂ, ರೋಗಿಗಳ ಆಯ್ಕೆಯೊಂದೇ ಅನುಪಾತವನ್ನು ನಾಲ್ಕು ಪಟ್ಟಿನಷ್ಟು ಸರಿಸಬಹುದೆಂಬುದು ಇದರಿಂದ ತೋರುತ್ತದೆ. ಹೆಚ್ಚು ಮುಖ್ಯವಾದದ್ದು ಇನ್ನೊಂದು. ಡ್ರೇನ್ ತಂದ ವ್ಯತ್ಯಾಸದ ಗಾತ್ರ (3.0) 2012ರ ಪರಿಶೀಲನೆ ಫ್ಲಾಪಿಗೆ ಸಲ್ಲಿಸಿದ ವ್ಯತ್ಯಾಸದ ಗಾತ್ರಕ್ಕೆ (2.6) ಸರಿಸುಮಾರು ಸಮ. ಹೀಗಿರುವಾಗ, ಡ್ರೇನ್ ಯಾರಿಗೆ ಹಾಕಲಾಯಿತು ಎಂದು ದಾಖಲಿಸದ ವರದಿಯಿಂದ ಫ್ಲಾಪಿನ ಪಾಲನ್ನು ಬೇರ್ಪಡಿಸಿ ತೆಗೆಯುವುದು ಸಾಧ್ಯವಿದ್ದಂತಿಲ್ಲ. ದೊಡ್ಡ ತೆರಪಿಗೆ ಫ್ಲಾಪ್ ಮೇಲು ಎಂಬ ತೀರ್ಮಾನ ಬಹುಶಃ ಸರಿ. ಎಷ್ಟು ಮೇಲು ಎಂಬ ಅಂಕಿ ಇನ್ನೂ ಸಡಿಲ.

9.5. ಆದ್ದರಿಂದ ಎರಡು ವಿನಂತಿ. ಹೊಸದಾಗಿ ಪ್ರಕರಣಗಳನ್ನು ಪ್ರಕಟಿಸುವವರು ಪ್ರತಿ ರೋಗಿಗೂ ಡ್ಯೂರಾ ತೆರಪಿನ ಅಳತೆ, ದ್ರವಕೊಳ ಅಥವಾ ಕುಹರ ತೆರೆಯಿತೇ ಎಂಬುದು, ಒಳಪದರದ ವಸ್ತು, ಡ್ರೇನ್ ಹಾಕಿದ ಗಂಟೆಗಳು, ಹಿಂದೆ ವಿಕಿರಣ ಚಿಕಿತ್ಸೆ ಆಗಿತ್ತೇ ಎಂಬುದು, ಇವಿಷ್ಟನ್ನು ಕೋಷ್ಟಕದಲ್ಲಿ ಕೊಡಬೇಕು. 2006ರ ಲೇಖನವನ್ನು ಉದ್ಧರಿಸುವವರು '5%' ಎಂದು ಬರೆಯುವ ಬದಲು '43ರಲ್ಲಿ 2' ಎಂದು ಬರೆಯಬೇಕು.